ಲೆನ್ಸ್‌ಗೆ ಫಂಗಸ್: ಬಿಗಿಯಾಗಿ ಮುಚ್ಚಿಟ್ಟರೆ ಸಾಲದು

ಪ್ರಶ್ನೆ: ಕೆಲವು ತಿಂಗಳು ಬಳಸದೆ ಚರ್ಮದ ಕೇಸಿನಲ್ಲಿ ಭದ್ರವಾಗಿ ಇಟ್ಟಿದ್ದ ಕ್ಯಾಮೆರಾ ಲೆನ್ಸನ್ನು ಹೊರತೆಗೆದಾಗ, ಒಳಗಿನ ಗಾಜಿನ ಅಂಚಿನಲ್ಲಿ ಬಿಳಿ ಎಳೆಗಳು ಕಾಣಿಸಿದವು. ಧೂಳೂ ಸೋಕದಂತೆ ಇಟ್ಟಿದ್ದರೂ ಫಂಗಸ್ ಬಂದದ್ದು ಹೇಗೆ? ಉಳಿದ ಲೆನ್ಸ್‌ಗಳನ್ನು ಬಿಸಿಲಿಗೆ ಇಡಲೇ? ಲೆನ್ಸಿನ ಮುಂದೆ ಯುವಿ ಫಿಲ್ಟರ್ (ನೇರಳಾತೀತ ಕಿರಣ ತಡೆಯುವ ಗಾಜು) ಹಾಕಿದರೆ ತಡೆಯಬಹುದೇ?

ಉತ್ತರ: ನೀವು ಭದ್ರತೆಗೆಂದು ಆರಿಸಿಕೊಂಡ ಚರ್ಮದ ಕೇಸೇ ಫಂಗಸ್‌ಗೆ ಅನುಕೂಲ ಮಾಡಿಕೊಟ್ಟಿದೆ. ಫಂಗಸ್‌ನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ಹೊಸ ಲೆನ್ಸಿನ ಒಳಗೂ ಸೇರಿರಬಹುದು. ಅವನ್ನು ಹೊರಗಿಡುವುದು ಯಾರಿಂದಲೂ ಆಗದ ಕೆಲಸ. ಅವು ಮೊಳೆಯದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಕತ್ತಲು, ನಿಂತ ಗಾಳಿ, ಬೆರಳಿನ ಜಿಡ್ಡು ಅಥವಾ ಸ್ವಲ್ಪ ಧೂಳು, ಇವುಗಳ ಜೊತೆಗೆ ಶೇಕಡಾ 60–70ನ್ನು ಮೀರಿದ ಆರ್ದ್ರತೆ ಬಹಳ ದಿನ ಉಳಿದರೆ ಅದು ಬೆಳೆಯಲು ಬೇರೇನೂ ಬೇಕಿಲ್ಲ. ಚರ್ಮವಾಗಲಿ, ಬ್ಯಾಗಿನ ಸ್ಪಂಜಾಗಲಿ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಬ್ಯಾಗು ಇರುವುದು ಲೆನ್ಸನ್ನು ಒಯ್ಯಲು, ತಿಂಗಳುಗಟ್ಟಲೆ ಇಡಲು ಅಲ್ಲ.

ನನ್ನನ್ನು ಕೇಳಿದರೆ, ಮೊದಲು ಕೊಳ್ಳಬೇಕಾದದ್ದು ಆರ್ದ್ರತೆ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ಆರ್ದ್ರತೆ ಎಷ್ಟಿದೆ ಎಂದು ತಿಳಿಯದೆ ಮಾಡುವ ಉಪಾಯಗಳೆಲ್ಲ ಊಹೆಯ ಮೇಲೆ ನಿಂತಿರುತ್ತವೆ. ಮುಚ್ಚಳದಲ್ಲಿ ರಬ್ಬರ್ ಪಟ್ಟಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಲೆನ್ಸ್, ತೇವ ಹೀರುವ ಸಿಲಿಕಾ ಜೆಲ್ ಹರಳು ಮತ್ತು ಹೈಗ್ರೋಮೀಟರನ್ನು ಒಟ್ಟಿಗೆ ಇಡಿ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಒಣಗಿದಷ್ಟೂ ಒಳ್ಳೆಯದೆಂದು ಜೆಲ್ ಸುರಿಯಬೇಡಿ. 30ಕ್ಕಿಂತ ಕೆಳಗೆ ದೀರ್ಘಕಾಲ ಇಟ್ಟರೆ ಲೆನ್ಸಿನೊಳಗಿನ ಗ್ರೀಸು ಮತ್ತು ರಬ್ಬರಿಗೆ ತೊಂದರೆಯಾಗಬಹುದು. ಬಣ್ಣ ಬದಲಿಸುವ ಜೆಲ್ಲನ್ನೇ ಕೊಳ್ಳಿ: ಕಿತ್ತಳೆ ಬಣ್ಣದ ಹರಳು ತೇವ ಕುಡಿದು ಹಸಿರಾದರೆ ಓವನ್‌ನಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಮುಚ್ಚಿದ ಪಾತ್ರೆಯಲ್ಲಿ ಆರಿಸಿ ಮತ್ತೆ ಬಳಸಬಹುದು. ಹಸಿರಾದ ಮೇಲೂ ಹಾಗೆಯೇ ಬಿಟ್ಟ ಜೆಲ್‌ನಿಂದ ಪ್ರಯೋಜನವಿಲ್ಲ. ಲೆನ್ಸ್‌ಗಳು ಹೆಚ್ಚಿದ್ದರೆ ಒಳಗಿನ ಆರ್ದ್ರತೆಯನ್ನು ತಾನೇ ಹತೋಟಿಯಲ್ಲಿಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಈ ಕಾವಲುಗಾರಿಕೆಯನ್ನೆಲ್ಲ ತಪ್ಪಿಸುತ್ತದೆ.

ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಪುಡಿಯೇ ಫಂಗಸ್‌ಗೆ ಆಹಾರ. ಕರ್ಪೂರ, ನುಸಿಗುಳಿಗೆಯೂ ಬೇಡ, ಅವುಗಳ ಆವಿ ಗಾಜಿನ ಮೇಲೆ ಪೊರೆಯಾಗಿ ಕೂರಬಹುದು.

ಬಿಸಿಲನ್ನು ನಂಬಬೇಡಿ. ಫಂಗಸ್ಸನ್ನು ಚೆನ್ನಾಗಿ ಕೊಲ್ಲುವ ಕಿರು ತರಂಗದ ನೇರಳಾತೀತ ಕಿರಣಗಳು ನೆಲಕ್ಕೆ ತಲುಪುವ ಬಿಸಿಲಿನಲ್ಲಿ ಇರುವುದೇ ಇಲ್ಲ. ಉಳಿದವುಗಳಲ್ಲೂ ಬಹುಪಾಲನ್ನು ಲೆನ್ಸಿನ ಗಾಜು ತಡೆಯುತ್ತದೆ. ಮುಚ್ಚಳ ತೆಗೆದ ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿ ಹೊತ್ತಿಸಲೂಬಹುದು. ಯುವಿ ಫಿಲ್ಟರಿಗೂ ಫಂಗಸ್‌ಗೂ ಸಂಬಂಧವಿಲ್ಲ.

ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಬಳಕೆಯೇ. ಜೂಮ್, ಫೋಕಸ್ ತಿರುಗಿಸಿದಾಗ ಒಳಗಿನ ಗಾಳಿಯೂ ಒಂದಿಷ್ಟು ಬದಲಾಗುತ್ತದೆ. ಇಡುವ ಮುನ್ನ ಬೆರಳಚ್ಚನ್ನು ಒರೆಸಿ. ಎಸಿ ಕೋಣೆಯಿಂದ ಸೆಕೆಯ ಜಾಗಕ್ಕೆ ಹೋಗುವಾಗ ಲೆನ್ಸನ್ನು ಬ್ಯಾಗಿನಿಂದ ಕೂಡಲೇ ತೆಗೆಯದೆ, ಹೊರಗಿನ ತಾಪಕ್ಕೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ಗಾಜಿನ ಮೇಲೆ ಹನಿಗಟ್ಟುತ್ತದೆ. ತಿಂಗಳಿಗೊಮ್ಮೆ ಎರಡೂ ಮುಚ್ಚಳ ತೆಗೆದು, ಅಪರ್ಚರ್ (ಬೆಳಕು ಹಾಯುವ ಒಳಗಿನ ರಂಧ್ರ) ಪೂರ್ತಿ ತೆರೆದು, ಓರೆಯಾಗಿ ಟಾರ್ಚ್ ಹಾಯಿಸಿ. ಚುಕ್ಕಿಗಳಷ್ಟೇ ಕಂಡರೆ ಧೂಳು, ಅದಕ್ಕೆ ಹೆದರಬೇಕಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಫಂಗಸ್.

ಈಗ ಫಂಗಸ್ ಹಿಡಿದಿರುವ ಲೆನ್ಸನ್ನು ಬೇರೆಯವುಗಳಿಂದ ದೂರವಿಟ್ಟು, ತಡಮಾಡದೆ ನುರಿತ ತಂತ್ರಜ್ಞರಿಗೆ ಕೊಡಿ. ಫಂಗಸ್ ಸ್ರವಿಸುವ ಆಮ್ಲ ಮೊದಲು ಗಾಜಿನ ಮೇಲಿನ ತೆಳು ಲೇಪವಾದ ಕೋಟಿಂಗನ್ನು, ಆಮೇಲೆ ಗಾಜನ್ನೂ ತಿನ್ನುತ್ತದೆ. ಹಾಗೆ ಕೊರೆದ ಗುರುತನ್ನು ಯಾವ ದ್ರಾವಣವೂ ಅಳಿಸದು. ಎಳೆಗಳು ಅಂಚಿನಲ್ಲಷ್ಟೇ ಇರುವುದರಿಂದ ಈಗಲೇ ತೆಗೆಸಿದರೆ ಚಿತ್ರಗಳಲ್ಲಿ ಅದರ ಸುಳಿವೂ ಕಾಣದಿರುವ ಸಾಧ್ಯತೆ ಹೆಚ್ಚು. ಚರ್ಮದ ಕೇಸನ್ನು ಮಾತ್ರ ಮತ್ತೆ ಬಳಸಬೇಡಿ.