ಯಾರಿಗೆ ಚಪ್ಪಾಳೆ ತಟ್ಟಲಿ?

ಓದುಗರೊಬ್ಬರ ಪತ್ರ:

“ನಾವಿರುವುದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ದಾವಣಗೆರೆ ಬಿಟ್ಟು ಹದಿನೆಂಟು ವರ್ಷ ಆಯಿತು. ಮಗ ಓದಲು ಟೊರಾಂಟೊಗೆ ಹೋದ ಮೇಲೆ ಅವನ ಕೋಣೆ ಖಾಲಿ ಇತ್ತು. ಊರಿನ ಜೂನಿಯರ್ ಐಸ್ ಹಾಕಿ ತಂಡದವರು ಕೇಳಿದರು ಅಂತ ಆಗಸ್ಟ್ ಕೊನೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನನ್ನು ಇಟ್ಟುಕೊಂಡೆವು. ನಾಲ್ಕೂವರೆ ತಿಂಗಳು ನಮ್ಮ ಮನೆಯ ಮಗನಂತೆ ಇದ್ದ. ಜನವರಿಯ ಒಂದು ಸಂಜೆ ಅವನಿಗೆ ಫೋನ್ ಬಂತು. ಪಕ್ಕದ ಪ್ರಾಂತ್ಯ ಆಲ್ಬರ್ಟಾದ ತಂಡವೊಂದಕ್ಕೆ ಅವನನ್ನು ಕೊಟ್ಟುಬಿಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಹೊರಟ. ಸ್ವಂತ ಮಗ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಹೀಗೆ ಕೊಟ್ಟು ತೆಗೆದುಕೊಳ್ಳುವುದು ಸರಿಯಾ? ಮಾರ್ಚ್‌ನಲ್ಲಿ ಅವನ ಹೊಸ ತಂಡ ನಮ್ಮೂರಿಗೇ ಆಡಲು ಬರುತ್ತದೆ. ನಾನು ಯಾರಿಗೆ ಚಪ್ಪಾಳೆ ತಟ್ಟಲಿ?”

ಸಂಪಾದಕರ ಉತ್ತರ:

ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲೆ ಅಚ್ಚಾಗಿರುವುದು ಅದರ ಸಾರ ಮಾತ್ರ. ಪೂರ್ತಿ ಪತ್ರದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಗ್ಯಾರೇಜಿನ ಒಲೆ. ನಿಮ್ಮದು ಮಾಂಸ ಬೇಯಿಸದ ಅಡುಗೆಮನೆ. ಆದರೆ ಪಂದ್ಯದ ದಿನ ಹುಡುಗನಿಗೆ ಕೋಳಿ ಬೇಕು. ಅದಕ್ಕೆ ನಿಮ್ಮ ಯಜಮಾನರು ಗ್ಯಾರೇಜಿನಲ್ಲಿ ಒಂದು ಕರೆಂಟ್ ಒಲೆ ಇಟ್ಟುಕೊಂಡರು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಟೋಪಿ, ಎರಡು ಸ್ವೆಟರ್ ಹಾಕಿಕೊಂಡು, ಫೋನಿನಲ್ಲಿ ವಿಡಿಯೋ ನೋಡುತ್ತಾ, ಜೀವಮಾನದಲ್ಲಿ ಮೊದಲ ಸಲ ಕೋಳಿ ಬೇಯಿಸಿದರು. ತಾವು ಮಾತ್ರ ಒಂದು ತುಂಡೂ ತಿನ್ನಲಿಲ್ಲ. ಇಂಥವರ ಮನೆಗೆ ಆ ಹುಡುಗ ಬಂದನಲ್ಲ, ಅವನ ಪುಣ್ಯ ದೊಡ್ಡದು.

ಊರಿನಲ್ಲಿರುವ ನಮ್ಮ ಓದುಗರಿಗೆ ಈ ಲೋಕ ಹೊಸದು. ಅವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಕೆನಡಾದಲ್ಲಿ ಹದಿನಾರರಿಂದ ಇಪ್ಪತ್ತು ವರ್ಷದ ಹುಡುಗರಿಗೆ ಮೂರು ದೊಡ್ಡ ಜೂನಿಯರ್ ಲೀಗ್‌ಗಳಿವೆ. ಒಂಟಾರಿಯೊದ್ದು ಒಂದು, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ತೀರದ್ದು ಒಂದು, ಪಶ್ಚಿಮದ್ದು ಒಂದು. ಪಶ್ಚಿಮದ ಲೀಗ್ ಶುರುವಾದದ್ದು 1966ರಲ್ಲಿ. 2025ರಲ್ಲಿ ಪೆಂಟಿಕ್ಟನ್ ಊರಿನ ತಂಡ ಸೇರಿ 23 ತಂಡಗಳಾದವು. ಅದರಲ್ಲಿ ಆರು ಅಮೆರಿಕದವು. ಸೆಪ್ಟೆಂಬರ್ ಕೊನೆಗೆ ಶುರುವಾದರೆ ಮಾರ್ಚ್ ತನಕ ಒಂದೊಂದು ತಂಡಕ್ಕೆ 68 ಪಂದ್ಯ. ಅರ್ಧ ತಮ್ಮೂರಿನಲ್ಲಿ, ಅರ್ಧ ಪರವೂರಿನಲ್ಲಿ. ಆಮೇಲೆ ನಾಕೌಟ್ ಸುತ್ತುಗಳು. ನಾಲ್ಕು ಸುತ್ತು, ಒಂದೊಂದರಲ್ಲೂ ನಾಲ್ಕು ಪಂದ್ಯ ಗೆಲ್ಲಬೇಕು. ಎಲ್ಲ ದಾಟಿದವರಿಗೆ ಮೆಮೋರಿಯಲ್ ಕಪ್‌ನಲ್ಲಿ ಆಡುವ ಅವಕಾಶ. ಮೊದಲ ಮಹಾಯುದ್ಧದಲ್ಲಿ ಸತ್ತ ಕೆನಡಾದ ಸೈನಿಕರ ನೆನಪಿಗೆ 1919ರಿಂದ ನಡೆಯುತ್ತಿರುವ ಕಪ್ ಅದು. ಅಷ್ಟು ಹೊತ್ತಿಗೆ ಮೇ ತಿಂಗಳು ಮುಗಿಯುತ್ತಾ ಬಂದಿರುತ್ತದೆ.

ಲೆಕ್ಕ ಹಾಕಿ. ಮಧ್ಯೆ ಪಿಯುಸಿ ವಯಸ್ಸಿನ ಓದು, ಪರೀಕ್ಷೆ. ಪಶ್ಚಿಮದ ದಾರಿಗಳೋ ಮುಗಿಯುವುದೇ ಇಲ್ಲ. ಮ್ಯಾನಿಟೋಬಾದ ಬ್ರಾಂಡನ್‌ನಿಂದ ವಿಕ್ಟೋರಿಯಾಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ. ವಿಕ್ಟೋರಿಯಾ ಇರುವುದು ದ್ವೀಪದಲ್ಲಿ, ಬಸ್ಸನ್ನೇ ಹಡಗಿಗೆ ಹತ್ತಿಸಬೇಕು.

ಇಷ್ಟು ದೂರ ಬಂದ ಹುಡುಗ ಎಲ್ಲಿರಬೇಕು? ಹಾಸ್ಟೆಲ್ ಇಲ್ಲ. ಊರಿನ ಮನೆಗಳೇ ಗತಿ. ಅದಕ್ಕೇ ಬಿಲೆಟ್ ಮನೆ ಅನ್ನುತ್ತಾರೆ. ತಂಡದವರು ಊಟದ ಖರ್ಚಿಗೆ ತಿಂಗಳಿಗೆ ಒಂದಿಷ್ಟು ಕೊಡುತ್ತಾರೆ. ಬೆಳೆಯುವ ಹುಡುಗ ತಿನ್ನುವುದಕ್ಕೆ ಅದು ಎಲ್ಲಿ ಸಾಲುತ್ತದೆ?

ನಿಮ್ಮ ಅತ್ತೆ ದಾವಣಗೆರೆಯಿಂದ ವಿಡಿಯೋ ಕಾಲ್‌ನಲ್ಲಿ ಕೇಳಿದರಂತೆ, “ಇಷ್ಟು ಸಣ್ಣ ಹುಡುಗನ್ನ ಹೆತ್ತವರು ಹೆಂಗ್ ಕಳಿಸಿದ್ರವ್ವಾ?” ಅಂತ. ಅವರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ: ವಾರಾನ್ನ. ಅವರ ಕಾಲದವರಿಗೆ ತಕ್ಷಣ ಅರ್ಥವಾಗುತ್ತದೆ.

ನಮ್ಮ ತಂದೆ ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಕೆಲವು ಮನೆಗಳಲ್ಲಿ ಎಲೆ ಹಾಕಿ ಸುಮ್ನೆ ಬಡಿಸಿ ಹೋಗುತ್ತಿದ್ದರು. ಮಂಗಳವಾರದ ಮನೆಯ ಅಮ್ಮ ಮಾತ್ರ ಪಕ್ಕದಲ್ಲಿ ಕೂತು “ಲೆಕ್ಕ ಹೇಗೆ ಹೋಯಿತು, ಚಳಿಗೆ ಹೊದಿಕೆ ಇದೆಯಾ” ಅಂತ ಕೇಳುತ್ತಿದ್ದರಂತೆ. ಅಪ್ಪನಿಗೆ ಕೆಲಸ ಸಿಕ್ಕಿ, ಮದುವೆಯಾಗಿ, ನಾವು ಹುಟ್ಟಿದ ಮೇಲೂ ದಸರೆಗೆ ಮೈಸೂರಿಗೆ ಹೋದರೆ ಮೊದಲು ಹೋಗುತ್ತಿದ್ದದ್ದು ಮಂಗಳವಾರದ ಮನೆಗೆ. ನಾನು ಆ ಅಮ್ಮನನ್ನು ನೋಡಿದ್ದೇನೆ. ನಲವತ್ತು ದಾಟಿದ ಅಪ್ಪನಿಗೆ “ಇನ್ನೊಂದು ಸೌಟು ಹುಳಿ ಹಾಕಿಸಿಕೊಳ್ಳೋ” ಅಂತ ಗದರುತ್ತಿದ್ದರು.

ನೀವು ಆ ಹುಡುಗನ ಮಂಗಳವಾರದ ಮನೆಯವರು. ನಾಲ್ಕೂವರೆ ತಿಂಗಳೇ ಇದ್ದರೂ ಅದು ಹೋಗುವುದಿಲ್ಲ.

ಅವನು ಪರವೂರಿಗೆ ಆಡಲು ಹೋದ ರಾತ್ರಿಗಳಲ್ಲಿ ಬಸ್ಸು ಬರುವ ತನಕ ನಿಮಗೆ ನಿದ್ದೆ ಹತ್ತುತ್ತಿರಲಿಲ್ಲ ಅಂತ ಬರೆದಿದ್ದೀರಿ. ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ಕಿರ್ ಅಂದರೆ, ಆ ಒದ್ದೆ ಬ್ಯಾಗಿನ ವಾಸನೆ ಮಹಡಿ ತನಕ ಬಂದರೆ, ಆಗ ಸಮಾಧಾನ. ನಿಮ್ಮ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 1986ರ ಡಿಸೆಂಬರ್ 30ರಂದು ನಿಮ್ಮ ಪ್ರಾಂತ್ಯದ್ದೇ ಆದ ಸ್ವಿಫ್ಟ್ ಕರೆಂಟ್ ಊರಿನ ತಂಡದ ಬಸ್ಸು ಹಿಮದ ರಸ್ತೆಯಲ್ಲಿ ಉರುಳಿ ನಾಲ್ವರು ಹುಡುಗರು ಹೋದರು. 2018ರ ಏಪ್ರಿಲ್ 6ರಂದು ಹಂಬೋಲ್ಟ್ ತಂಡದ ಬಸ್ಸು ನಿಪಾವಿನ್‌ಗೆ ಪಂದ್ಯಕ್ಕೆ ಹೋಗುತ್ತಿತ್ತು. ಅದು ಇನ್ನೂ ಚಿಕ್ಕ ಲೀಗಿನ ತಂಡ. ಸ್ಟಾಪ್ ಫಲಕ ದಾಟಿ ಬಂದ ಲಾರಿ ಬಸ್ಸಿಗೆ ಅಡ್ಡವಾಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ಸತ್ತರು. ಉಳಿದ 13 ಜನಕ್ಕೂ ಗಾಯ. ಆ ವಾರ ಕೆನಡಾದ ಉದ್ದಕ್ಕೂ ಜನ ಮನೆಬಾಗಿಲಲ್ಲಿ ಒಂದೊಂದು ಹಾಕಿ ಸ್ಟಿಕ್ ನಿಲ್ಲಿಸಿ ದೀಪ ಉರಿಸಿಟ್ಟರು. ನಾನಿರುವ ಮಿಸ್ಸಿಸಾಗಾದಲ್ಲಿ ನಮ್ಮ ಬೀದಿಯ ಗುಜರಾತಿ ಅಜ್ಜಿಯೊಬ್ಬರು, ಮನೆಯಲ್ಲಿ ಸ್ಟಿಕ್ ಇಲ್ಲ ಅಂತ, ಮೊಮ್ಮಗನ ಪ್ಲಾಸ್ಟಿಕ್ ಆಟಿಕೆಯನ್ನೇ ಗೋಡೆಗೆ ಒರಗಿಸಿದ್ದರು.

ಹಂಬೋಲ್ಟ್ ತಂಡದ ಲೋಗನ್ ಬುಲೆ ಅನ್ನುವ ಹುಡುಗ ಅಪಘಾತಕ್ಕೆ ಕೆಲವೇ ವಾರಗಳ ಹಿಂದೆ, ಇಪ್ಪತ್ತೊಂದು ತುಂಬಿದಾಗ, ಅಂಗದಾನಕ್ಕೆ ಹೆಸರು ಬರೆಸಿದ್ದ. ಅವನ ಅಂಗಗಳು ಆರು ಜನರಿಗೆ ಸಿಕ್ಕವು. ಆ ಸುದ್ದಿ ಕೇಳಿ ಒಂದು ಲಕ್ಷಕ್ಕೂ ಜಾಸ್ತಿ ಕೆನಡಿಯನ್ನರು ಹೆಸರು ನೋಂದಾಯಿಸಿದರು. ಈಗ ಪ್ರತಿ ಏಪ್ರಿಲ್ 7ರಂದು ಅವನ ನೆನಪಿಗೆ ಜನ ಹಸಿರು ಅಂಗಿ ಹಾಕುತ್ತಾರೆ.

ಇನ್ನೊಂದು ಕಷ್ಟದ ಮಾತಿದೆ. ಹೇಳಲೇಬೇಕು. ಸ್ವಿಫ್ಟ್ ಕರೆಂಟ್ ಬಸ್ಸಿನಲ್ಲಿ ಬದುಕುಳಿದವರಲ್ಲಿ ಶೆಲ್ಡನ್ ಕೆನಡಿ ಒಬ್ಬರು. 1989ರಲ್ಲಿ ಅದೇ ತಂಡ ಮೆಮೋರಿಯಲ್ ಕಪ್ ಗೆದ್ದಾಗ ಊರೆಲ್ಲ ಕುಣಿಯಿತು. ಆದರೆ ಆ ಹುಡುಗ ವರ್ಷಗಟ್ಟಲೆ ತನ್ನ ಕೋಚ್‌ನಿಂದಲೇ ಲೈಂಗಿಕ ದೌರ್ಜನ್ಯ ಅನುಭವಿಸಿದ್ದ. ಯಾರಿಗೂ ಹೇಳಲಾಗಿರಲಿಲ್ಲ. ಕೊನೆಗೆ ಪೊಲೀಸರ ಮುಂದೆ ಬಾಯಿಬಿಟ್ಟರು. 1997ರಲ್ಲಿ ಆ ಕೋಚ್‌ಗೆ ಮೂರೂವರೆ ವರ್ಷ ಜೈಲಾಯಿತು. ಮರುವರ್ಷ ಕೆನಡಿ ಗಾಲಿ ಸ್ಕೇಟ್ ಹಾಕಿಕೊಂಡು ದೇಶದ ಈ ತುದಿಯಿಂದ ಆ ತುದಿಗೆ ಹೋದರು, ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಜನರ ಕಣ್ಣು ತೆರೆಸಲು.

ಇದನ್ನು ಯಾಕೆ ಹೇಳಿದೆ ಅಂದರೆ, ಇಂಥ ಹುಡುಗನಿಗೆ ತಂಡದ ಹೊರಗೆ ಒಬ್ಬರು ಬೇಕು. ಎಷ್ಟು ಗೋಲು ಹೊಡೆದೆ ಅಂತ ಕೇಳದೆ ಯಾಕೋ ಮಂಕಾಗಿದ್ದೀಯಲ್ಲ ಅಂತ ಕೇಳುವವರು. ನಿಮ್ಮ ಪತ್ರದಲ್ಲಿ ಅವನು ಎಷ್ಟು ಗೋಲು ಹೊಡೆದ ಅಂತ ಎಲ್ಲೂ ಇಲ್ಲ. ಅವನಿಗೆ ಬೆಂಡೆಕಾಯಿ ಸೇರುವುದಿಲ್ಲ, ಗಣಿತ ಅಂದರೆ ಭಯ, ತಂಗಿಯ ಹುಟ್ಟುಹಬ್ಬಕ್ಕೆ ಹೋಗಲಾಗದೆ ಕೆಳಗಿನ ಕೋಣೆಯಲ್ಲಿ ಒಬ್ಬನೇ ಅತ್ತ, ಇದೆಲ್ಲ ಇದೆ. ನಿಮ್ಮ ಅತ್ತೆ “ಊಟ ಆಯ್ತಾ?” ಅಂದರೆ “ಆಯ್ತು ಅಜ್ಜಿ” ಅನ್ನಲು ಕಲಿತ, ಅದೂ ಇದೆ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಜನವರಿ ಹತ್ತರ ಆಸುಪಾಸಿಗೆ ಆಟಗಾರರನ್ನು ಅದಲುಬದಲು ಮಾಡುವ ಗಡುವು ಮುಗಿಯುತ್ತದೆ. ಅಷ್ಟು ಹೊತ್ತಿಗೆ ಯಾವ ತಂಡ ಈ ವರ್ಷ ಗೆಲ್ಲಬಹುದು, ಯಾವುದು ಆಗುವುದಿಲ್ಲ ಅಂತ ಗೊತ್ತಾಗಿರುತ್ತದೆ. ಗೆಲ್ಲುವ ತಂಡಕ್ಕೆ ಇವತ್ತೇ ಒಳ್ಳೆಯ ಆಟಗಾರ ಬೇಕು. ಸೋಲುವ ತಂಡ ಅವನನ್ನು ಕೊಟ್ಟು ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸುವ ಹಕ್ಕು ತೆಗೆದುಕೊಳ್ಳುತ್ತದೆ. ಅಂದರೆ ನಿಮ್ಮ ಹುಡುಗನ ಬದಲಿಗೆ ಬಂದದ್ದು ಇನ್ನೂ ಹೆಸರೇ ಗೊತ್ತಿಲ್ಲದ ಯಾವುದೋ ಹದಿನಾಲ್ಕು ವರ್ಷದ ಮಗು. ಲೆಕ್ಕದ ಪುಸ್ತಕದಲ್ಲಿ ಇದು ಸರಿ. ಹೀಗೆ ವರ್ಷಗಟ್ಟಲೆ ಕಟ್ಟಿದ ತಂಡಗಳೇ ಕೊನೆಗೆ ಗೆಲ್ಲುವುದೂ ನಿಜ. ಮೂಸ್ ಜಾ ಊರಿಗೆ ತಂಡ ಬಂದದ್ದು 1984ರಲ್ಲಿ, ಮೊದಲ ಸಲ ಲೀಗ್ ಗೆದ್ದದ್ದು 2024ರಲ್ಲಿ. ನಲವತ್ತು ವರ್ಷ ಕಾದ ಊರಿನ ಸಂತೋಷವನ್ನು ನಾನು ಸಣ್ಣದು ಮಾಡುವುದಿಲ್ಲ.

ಆದರೂ ನನ್ನ ಉತ್ತರ: ಸರಿಯಲ್ಲ. ಹತ್ತೊಂಬತ್ತು, ಇಪ್ಪತ್ತರವರ ಮಾತು ಬೇರೆ. ಅವರು ಶಾಲೆ ಮುಗಿಸಿರುತ್ತಾರೆ, ದೊಡ್ಡ ತಂಡದಲ್ಲಿ ಆಡಿ ಕಣ್ಣಿಗೆ ಬೀಳಲಿ ಅಂತ ತಾವೇ ಕೇಳಿಕೊಳ್ಳುವುದೂ ಉಂಟು. ಶಾಲೆಗೆ ಹೋಗುವ ಹುಡುಗನನ್ನು ವರ್ಷದ ನಡುವೆ ಕೀಳಬಾರದು. ನಮ್ಮಲ್ಲಿ ಸರ್ಕಾರಿ ನೌಕರರ ವರ್ಗಾವಣೆಯನ್ನು ಬೇಸಿಗೆ ರಜೆಯಲ್ಲೇ ಮಾಡಿ ಅಂತ ಯಾಕೆ ಬಡಕೊಳ್ಳುತ್ತೇವೆ? ಮಕ್ಕಳಿಗೆ ನಡುವರ್ಷ ಟಿ.ಸಿ. ಕೊಡಿಸುವ ಕಷ್ಟ ಗೊತ್ತಿರುವುದರಿಂದ ಅಲ್ವಾ? ಹನ್ನೆರಡನೇ ತರಗತಿಯ ಹುಡುಗನಿಗೆ ಆಲ್ಬರ್ಟಾದಲ್ಲಿ ಪಾಠಪಟ್ಟಿಯೇ ಬೇರೆ. ಗಡುವನ್ನು ಅವನ ವಯಸ್ಸಿನವರಿಗಾದರೂ ಜೂನ್‌ಗೆ ಇಡಬಹುದು. ತಂಡದವರಿಗೆ ಹೀಗೊಂದು ಪತ್ರ ಬರೆಯಿರಿ. ನಿಮ್ಮ ಊರಿನ ಉಳಿದ ಬಿಲೆಟ್ ತಾಯಂದಿರ ಸಹಿಯನ್ನೂ ಹಾಕಿಸಿ. ಮಕ್ಕಳಿಗೆ ಅನ್ನ ಹಾಕುವವರ ಮಾತನ್ನು ಅವರು ಕೇಳಲೇಬೇಕು.

ಅವನ ಮುಂದಿನ ಬದುಕಿನ ಬಗ್ಗೆ ಜಾಸ್ತಿ ಕೊರಗಬೇಡಿ. ಲೀಗಿನಲ್ಲಿ ಆಡಿದ ಒಂದೊಂದು ವರ್ಷಕ್ಕೂ ಒಂದೊಂದು ವರ್ಷದ ಕಾಲೇಜು ಫೀಸು, ಪುಸ್ತಕದ ಖರ್ಚು ಸಿಗುತ್ತದೆ. ಮೊದಲೆಲ್ಲ ಇಲ್ಲಿ ಆಡಿದವರನ್ನು ಅಮೆರಿಕದ ಕಾಲೇಜುಗಳ ಹಾಕಿ ತಂಡಗಳು ಸೇರಿಸಿಕೊಳ್ಳುತ್ತಿರಲಿಲ್ಲ. 2024ರ ನವೆಂಬರಿನಲ್ಲಿ ಆ ನಿಯಮ ಬದಲಾಯಿತು, 2025ರ ಆಗಸ್ಟ್‌ನಿಂದ ಬಾಗಿಲು ತೆರೆಯಿತು. ಎನ್‌ಎಚ್‌ಎಲ್, ಅಂದರೆ ಅಮೆರಿಕ ಮತ್ತು ಕೆನಡಾದ ದೊಡ್ಡ ವೃತ್ತಿಪರ ಹಾಕಿ ಲೀಗ್, ಸೇರುವುದು ಮಾತ್ರ ಕಷ್ಟ. ಇಡೀ ಜಗತ್ತಿನಿಂದ ವರ್ಷಕ್ಕೆ ಆರಿಸುವುದು 224 ಹುಡುಗರನ್ನು. ಈ ಮೂರು ಲೀಗುಗಳಲ್ಲೇ ಅರವತ್ತಕ್ಕೂ ಜಾಸ್ತಿ ತಂಡಗಳಿವೆ. ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ರೆಯ ಪಂಜಾಬಿ ಮನೆಯ ಹುಡುಗ ಅರ್ಶ್‌ದೀಪ್ ಬೈನ್ಸ್ ಅವರನ್ನು ಯಾರೂ ಆರಿಸಿರಲಿಲ್ಲ. ರೆಡ್ ಡಿಯರ್ ತಂಡದಲ್ಲೇ ಬೇರೂರಿ, 2021–22ರಲ್ಲಿ ಗೋಲು, ಗೋಲಿಗೆ ಕೊಟ್ಟ ನೆರವು ಎಲ್ಲ ಸೇರಿ 112 ಅಂಕ ಗಳಿಸಿ ಇಡೀ ಪಶ್ಚಿಮ ಲೀಗಿಗೆ ಮೊದಲಿಗರಾದರು. ಆ ವರ್ಷವೇ ವ್ಯಾಂಕೂವರ್‌ನ ಎನ್‌ಎಚ್‌ಎಲ್ ತಂಡ ತಾನೇ ಕರೆಯಿತು.

ಇನ್ನು ಚಪ್ಪಾಳೆ. ಇಬ್ಬರಿಗೂ ತಟ್ಟಿ ತಾಯಿ. ನಿಮ್ಮೂರು ಗೋಲು ಹೊಡೆದರೆ ಎದ್ದು ನಿಲ್ಲಿ, ಆ ತಂಡದಲ್ಲೂ ಅವನ ಗೆಳೆಯರಿದ್ದಾರೆ. ಅವನು ಹೊಡೆದರೂ ಎದ್ದು ನಿಲ್ಲಿ. ಪಕ್ಕದವರು ತಿರುಗಿ ನೋಡಲಿ. ಆಟ ಶುರುವಾಗುವ ಮುಂಚೆ ಹುಡುಗರು ಮೈ ಬಿಸಿ ಮಾಡಿಕೊಳ್ಳಲು ರಿಂಕ್ ಸುತ್ತು ಹಾಕುತ್ತಾರಲ್ಲ, ಆಗ ಗಾಜಿನ ಹತ್ತಿರ ಹೋಗಿ ನಿಂತಿರಿ. ಅವನು ಹುಡುಕುತ್ತಿರುತ್ತಾನೆ.

ಪಂದ್ಯ ಮುಗಿದ ಮೇಲೆ ಮನೆಗೆ ಓಡಬೇಡಿ. ಮಿಸ್ಸಿಸಾಗಾದಲ್ಲಿ ಜೂನಿಯರ್ ತಂಡ ಇದ್ದಾಗ, 2024ರಲ್ಲಿ ಅದು ಬ್ರಾಂಪ್ಟನ್‌ಗೆ ಹೋಗುವ ಮುಂಚೆ, ನಾನು ಆಗಾಗ ಹೋಗುತ್ತಿದ್ದೆ. ಪರವೂರಿನ ತಂಡದ ಬಸ್ಸು ಹಿಂದಿನ ಬಾಗಿಲ ಹತ್ತಿರ ಇಂಜಿನ್ ಆರಿಸದೆ ನಿಂತಿರುತ್ತಿತ್ತು. ಸ್ನಾನ ಮಾಡಿ ಒದ್ದೆ ತಲೆಯಲ್ಲೇ, ಕೋಟು ಟೈ ಹಾಕಿಕೊಂಡು, ಹೆಗಲಿಗೆ ತಮಗಿಂತ ದೊಡ್ಡ ಬ್ಯಾಗು ಏರಿಸಿ, ಕೈಯಲ್ಲಿ ಪಿಜ್ಜಾ ಡಬ್ಬ ಹಿಡಿದು ಹುಡುಗರು ಒಬ್ಬೊಬ್ಬರಾಗಿ ಬರುತ್ತಿದ್ದರು. ಹತ್ತುವ ಮುಂಚೆ ಐದು ಹತ್ತು ನಿಮಿಷ ಸಿಗುತ್ತದೆ. ಅಷ್ಟು ಸಾಕು.

ನಿಮ್ಮ ಮನೆಯಿಂದ ಬಸ್ಸಿಗೆ ಹೋಗುತ್ತಿದ್ದ ಒಗ್ಗರಣೆ ಮಂಡಕ್ಕಿಯ ಡಬ್ಬ ಯಾವಾಗಲೂ ಖಾಲಿಯಾಗಿಯೇ ವಾಪಸ್ ಬರುತ್ತಿತ್ತು ಅಂತ ಬರೆದಿದ್ದೀರಿ. ಈ ಸಲ ದೊಡ್ಡ ಡಬ್ಬ ತೆಗೆದುಕೊಂಡು ಹೋಗಿ. ಹೊಸ ತಂಡದವರಿಗೂ ಬೇಕಲ್ಲ. ಶೇಂಗಾ ಸ್ವಲ್ಪ ಮುಂದಾಗಿ ಹಾಕಿ, ಮೆಣಸಿನಕಾಯಿ ಕಡಿಮೆ. ನಿಮ್ಮ ಅತ್ತೆಗೆ ಆಗ ಬೆಳಗಿನ ಹೊತ್ತು, ಎದ್ದಿರುತ್ತಾರೆ. ಅವರಿಗೂ ಒಂದು ಕಾಲ್ ಹಚ್ಚಿ ಫೋನನ್ನು ಅವನ ಕೈಗೆ ಕೊಡಿ.