ಲಗ್ನಪತ್ರಿಕೆ ಎಂದೂ ಆ್ಯಪ್ ಆಗಿರುವುದಿಲ್ಲ: ಗ್ರೂಪಿಗೆ ನುಗ್ಗುವ ಸ್ಪ್ಯಾಮ್ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಕಡೆ ಕಾಫಿ ಬೆಳೆಗಾರರದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ, ಆರುನೂರು ಚಿಲ್ಲರೆ ಜನ. ದಿನಾ ಸಂಜೆ ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಕಾಳುಮೆಣಸಿನ ರೇಟು ಹಾಕುತ್ತೇವೆ. ಒಂದು ತಿಂಗಳಿಂದ ರಾತ್ರಿ ಹೊತ್ತು ಗುರುತಿಲ್ಲದ ನಂಬರುಗಳಿಂದ ಷೇರು ಟಿಪ್ಸ್, ಸಾಲದ ಲಿಂಕು, ಅಸಹ್ಯ ಫೋಟೊ ಬರುತ್ತಿವೆ. ತೆಗೆದುಹಾಕಿದಷ್ಟೂ ಹೊಸಬರು ಬರುತ್ತಾರೆ. ಅಡ್ಮಿನ್ ನಾನೇ. ನನ್ನ ಮೇಲೆ ಕೇಸು ಬೀಳುತ್ತದಾ?
ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ನೀವೀಗ ಮಾಡುತ್ತಿರುವುದು ಉಣುಗೋಲು ತೆಗೆದಿಟ್ಟು ದನ ಅಟ್ಟುತ್ತಾ ಕೂತ ಹಾಗೆ. ನಿಮ್ಮ ಗ್ರೂಪಿನ ಇನ್ವೈಟ್ ಲಿಂಕ್ ಎಲ್ಲೋ ಹೊರಗೆ ಬಿದ್ದಿದೆ. ಯಾರೋ ಒಳ್ಳೆ ಮನಸ್ಸಿನಿಂದಲೇ ಫೇಸ್‌ಬುಕ್ ಪೇಜಿನಲ್ಲಿ ಹಾಕಿರುತ್ತಾರೆ, ಇಲ್ಲವೇ ಬ್ಯಾನರಿನಲ್ಲಿ ಕ್ಯೂಆರ್ ಕೋಡ್ ಮಾಡಿ ಅಚ್ಚು ಹಾಕಿಸಿರುತ್ತಾರೆ. ಇಂಥ ಲಿಂಕುಗಳನ್ನು ಹುಡುಕಿ ಹೆಕ್ಕುವುದೇ ಕೆಲವರ ಕಸುಬು; ಹೆಕ್ಕುವ ಕೆಲಸ ಸಾಫ್ಟ್‌ವೇರೇ ಮಾಡುತ್ತದೆ.

ಕೆಲಸದ ಕ್ರಮ ಮುಖ್ಯ. ಮೊದಲು ಗ್ರೂಪ್ ಇನ್ಫೋ ತೆರೆದು ‘ಇನ್ವೈಟ್ ವಯಾ ಲಿಂಕ್’ ಒಳಗೆ ‘ರೀಸೆಟ್ ಲಿಂಕ್’ ಒತ್ತಿ. ಹಳೆಯ ಲಿಂಕ್ ಆ ಕ್ಷಣಕ್ಕೇ ಸಾಯುತ್ತದೆ, ಬ್ಯಾನರಿನ ಕ್ಯೂಆರ್ ಕೂಡ. ಆಮೇಲೆ ‘ಗ್ರೂಪ್ ಪರ್ಮಿಷನ್ಸ್’ಗೆ ಹೋಗಿ ‘ಅಪ್ರೂವ್ ನ್ಯೂ ಮೆಂಬರ್ಸ್’ ಆನ್ ಮಾಡಿ, ‘ಆ್ಯಡ್ ಅದರ್ ಮೆಂಬರ್ಸ್’ ಆಫ್ ಮಾಡಿ. ಶುಚಿ ಕೆಲಸ ಮುಗಿಯುವವರೆಗೆ ‘ಸೆಂಡ್ ಮೆಸೇಜಸ್’ ಕೂಡ ಆಫ್ ಇರಲಿ, ಆಗ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಇಷ್ಟಾದ ಮೇಲೆ ಸದಸ್ಯರ ಪಟ್ಟಿ ನೋಡುತ್ತಾ ಬನ್ನಿ. +84 ವಿಯೆಟ್ನಾಂ, +62 ಇಂಡೋನೇಷ್ಯಾ. ಮೂಡಿಗೆರೆ ರೋಬಸ್ಟಾ ರೇಟು ರಾತ್ರಿ ಎರಡು ಗಂಟೆಗೆ ಅವರಿಗೇಕೆ? ಆದರೆ +1, +971 ಕಂಡ ತಕ್ಷಣ ಕಿತ್ತು ಹಾಕಬೇಡಿ, ಅಮೆರಿಕದಲ್ಲೋ ದುಬೈಯಲ್ಲೋ ಇರುವ ಊರಿನ ಮಕ್ಕಳಿರಬಹುದು.

ಕೆಟ್ಟ ಪೋಸ್ಟನ್ನು ಅಳಿಸುವ ಮೊದಲು ನಂಬರ್ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ‘ರಿಪೋರ್ಟ್’ ಒತ್ತಿ, ಆಮೇಲೆ ಮೆಸೇಜನ್ನು ಒತ್ತಿ ಹಿಡಿದು ‘ಡಿಲೀಟ್ ಫಾರ್ ಎವ್ರಿವನ್’ ಮಾಡಿ. ಬೇರೆಯವರ ಮೆಸೇಜನ್ನೂ ಅಡ್ಮಿನ್ ಹೀಗೆ ಅಳಿಸಬಹುದು. ಮಕ್ಕಳನ್ನು ಬಳಸಿದ ಅಶ್ಲೀಲ ಚಿತ್ರವಾದರೆ ಮಾತ್ರ ಸ್ಕ್ರೀನ್‌ಶಾಟ್ ಬೇಡ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಂ ಪ್ರಕಾರ ಅದನ್ನು ಇಟ್ಟುಕೊಳ್ಳುವುದೂ ಅಪರಾಧ. ನಂಬರ್ ಬರೆದುಕೊಂಡು ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ಅಲ್ಲಿ ಹೆಸರು ಹೇಳದೆ ದೂರುವ ಅವಕಾಶವೂ ಇದೆ. ಸದಸ್ಯರಿಗೆ ಇನ್ನೊಂದು ಮಾತು ಹೇಳಿ: ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಮೀಡಿಯಾ ಆಟೊ ಡೌನ್‌ಲೋಡ್ ಆಫ್ ಇರಲಿ. ಇಲ್ಲದಿದ್ದರೆ ನೀವು ಅಳಿಸುವಷ್ಟರಲ್ಲಿ ಆ ಚಿತ್ರ ನೂರಾರು ಮನೆಗಳ ಗ್ಯಾಲರಿಯಲ್ಲಿ ಕೂತಿರುತ್ತದೆ.

ಕೇಸಿನ ವಿಚಾರ: ಇನ್ನೊಬ್ಬರು ಹಾಕಿದ ಪೋಸ್ಟಿಗೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗಂತ ಗೊತ್ತಿದ್ದೂ ದಿನಗಟ್ಟಲೆ ಬಿಟ್ಟಿರಿ ಅಂತಲ್ಲ. ಅಳಿಸಿದ, ರಿಪೋರ್ಟ್ ಮಾಡಿದ ದಾಖಲೆ ನಿಮ್ಮ ಬಳಿ ಇರಲಿ. ನಮ್ಮನ್ನು ಕೇಳಿದರೆ, ರೇಟಿನ ಗ್ರೂಪಿನಲ್ಲಿ ಶಾಶ್ವತವಾಗಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗಿರುವುದೇ ಒಳ್ಳೆಯದು. ಹರಟೆಗೆ ಬೇರೆ ಗ್ರೂಪ್ ಮಾಡಿಕೊಳ್ಳಿ. ಗುಡ್ ಮಾರ್ನಿಂಗ್ ಹೂವಿನ ಕಾಟವೂ ತಪ್ಪುತ್ತದೆ.

ಪ್ರಶ್ನೆ: ಭಾವನ ನಂಬರಿನಿಂದ ‘ಮದುವೆಗೆ ತಪ್ಪದೆ ಬನ್ನಿ’ ಅಂತ ಒಂದು ಫೈಲ್ ಬಂತು. ಒತ್ತಿದೆ, ಅದೇನೋ ಕೇಳಿತು, ಓಕೆ ಕೊಟ್ಟೆ. ಪತ್ರಿಕೆ ತೆರೆಯಲೇ ಇಲ್ಲ. ಮಾರನೇ ದಿನ ನನ್ನ ನಂಬರಿನಿಂದ ಸಂಘದ ಗ್ರೂಪಿಗೆ ಅದೇ ಫೈಲ್ ಹೋಗಿದೆ! ಎಲ್ಲರೂ ನನ್ನನ್ನೇ ಬೈಯುತ್ತಿದ್ದಾರೆ. ಭಾವನನ್ನು ಕೇಳಿದರೆ ನಾನು ಕಳಿಸಿಯೇ ಇಲ್ಲ ಅಂತಾರೆ.
ಗೃಹಿಣಿ, ಸಕಲೇಶಪುರ

ಉತ್ತರ: ನಿಮ್ಮ ಭಾವ ಹೇಳುತ್ತಿರುವುದು ನಿಜ, ನೀವು ಹೇಳುತ್ತಿರುವುದೂ ನಿಜ. ಕಳಿಸಿದ್ದು ಫೋನು. ಉತ್ತರ ಓದುವ ಮೊದಲು ಒಂದು ಕೆಲಸ ಮಾಡಿ: ಆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ.

ಆ ಫೈಲಿನ ಹೆಸರನ್ನು ಕೊನೆಯವರೆಗೆ ಓದಿ. ‘ವೆಡ್ಡಿಂಗ್ ಇನ್ವಿಟೇಶನ್’ ಆದ ಮೇಲೆ ಒಂದು ಚುಕ್ಕಿ, ಆಮೇಲೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ. ಫೋಟೊ ಆದರೆ ಅಲ್ಲಿ ಜೆಪಿಜಿ ಎಂದಿರಬೇಕು, ಅಚ್ಚಿನ ಪತ್ರಿಕೆಯಾದರೆ ಪಿಡಿಎಫ್. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್. ಇದೇ ಸರಕು ಪಿಎಂ ಕಿಸಾನ್ ಕಂತು, ಆರ್‌ಟಿಒ ಚಲನ್, ಬ್ಯಾಂಕ್ ಕೆವೈಸಿ ಅಂತ ಬೇರೆ ಬೇರೆ ಹೆಸರಿನಲ್ಲೂ ಓಡಾಡುತ್ತದೆ. ಯಾವ ಸರ್ಕಾರಿ ಇಲಾಖೆಯೂ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಳಿಸುವುದಿಲ್ಲ.

ಬರೀ ಡೌನ್‌ಲೋಡ್ ಆದರೆ ಕೆಡುಕಿಲ್ಲ. ಕೆಡುಕು ಆಮೇಲಿನ ಎರಡು ಓಕೆಗಳಲ್ಲಿದೆ. ಮೊದಲನೆಯದು, ‘ಈ ಮೂಲದಿಂದ ಬರುವ ಆ್ಯಪ್ ಇನ್‌ಸ್ಟಾಲ್ ಮಾಡಲು ಬಿಡಲೇ?’ ಎಂದು ಫೋನ್ ಕೇಳಿದ್ದು. ಎರಡನೆಯದು, ಇನ್‌ಸ್ಟಾಲ್ ಆದ ಆ್ಯಪ್ ‘ಎಸ್‌ಎಂಎಸ್ ಓದಲು, ಕಳಿಸಲು ಬಿಡಿ’ ಎಂದು ಕೇಳಿದ್ದು. ಲಗ್ನಪತ್ರಿಕೆಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು? ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೆ, ವಾಟ್ಸ್‌ಆ್ಯಪ್‌ನ ಆರು ಅಂಕಿಯ ಕೋಡ್ ಬರುವುದೂ ಅಲ್ಲಿಗೆ. ಅದು ಸಿಕ್ಕರೆ ನಿಮ್ಮ ವಾಟ್ಸ್‌ಆ್ಯಪ್ ಅವರ ಕೈಯಲ್ಲಿ, ಅಲ್ಲಿಂದ ನಿಮ್ಮ ಹೆಸರಿನಲ್ಲಿ ಇಡೀ ಬಳಗಕ್ಕೆ ಅದೇ ಫೈಲ್. ಗುರುತಿನವರ ನಂಬರಿನಿಂದ ಬಂದದ್ದನ್ನು ಜನ ಯೋಚಿಸದೆ ಒತ್ತುತ್ತಾರೆ, ನೀವು ಒತ್ತಿದ ಹಾಗೆಯೇ.

ಈಗ ಸಿಮ್ ತೆಗೆದು ಮನೆಯಲ್ಲಿರುವ ಬೇರೆ ಫೋನಿಗೆ ಹಾಕಿ, ಒಟಿಪಿ ಇನ್ನು ಆ ಕಳ್ಳ ಆ್ಯಪ್‌ಗೆ ಸಿಗದು. ಆ ಬೇರೆ ಫೋನಿನಿಂದಲೇ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್ ಬ್ಯಾಂಕಿಂಗ್ ತಡೆಹಿಡಿಸಿ. ಆರ್‌ಬಿಐ 2017ರ ಸುತ್ತೋಲೆ ಪ್ರಕಾರ, ನಿಮ್ಮ ಅಜಾಗ್ರತೆಯಿಂದ ಹಣ ಹೋದರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಅದಕ್ಕೇ ತಿಳಿಸಿದ ಸಮಯ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೋದ ಮೊತ್ತ, ಸಮಯ, ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. ಹಣ ಮುಂದಿನ ಖಾತೆಯಿಂದ ಜಾರುವ ಮೊದಲು ಅಲ್ಲೇ ಹಿಡಿದು ನಿಲ್ಲಿಸುವುದು ಇದರ ಉದ್ದೇಶ, ಹಾಗಾಗಿ ‘ಯಜಮಾನರು ತೋಟದಿಂದ ಬರಲಿ’ ಅಂತ ಕಾಯಬೇಡಿ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಹಾಸನದ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು.

ಫೋನಿನ ವಿಚಾರಕ್ಕೆ ಬಂದರೆ, ಆ ಆ್ಯಪ್‌ನ ಐಕಾನ್ ಸಾಮಾನ್ಯವಾಗಿ ಅಡಗಿರುತ್ತದೆ. ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯಲ್ಲಿ ಹುಡುಕಬೇಕು. ‘ಅನ್‌ಇನ್‌ಸ್ಟಾಲ್’ ಮಂಕಾಗಿದ್ದು ಒತ್ತಲು ಬಾರದಿದ್ದರೆ, ‘ಡಿವೈಸ್ ಅಡ್ಮಿನ್ ಆ್ಯಪ್ಸ್’ನಲ್ಲಿ ಅದರ ಟಿಕ್ ತೆಗೆದು ಮತ್ತೆ ಪ್ರಯತ್ನಿಸಿ. ಇಷ್ಟಾದರೂ ನಿಮ್ಮಂತೆ ಎಲ್ಲದಕ್ಕೂ ಓಕೆ ಕೊಟ್ಟವರಿಗೆ ನಾವು ಹೇಳುವುದು ಫ್ಯಾಕ್ಟರಿ ರೀಸೆಟ್. ಫೋಟೊಗಳನ್ನು ಮಾತ್ರ ಉಳಿಸಿಕೊಳ್ಳಿ, ಎಪಿಕೆ ಇರುವ ಡೌನ್‌ಲೋಡ್ ಫೋಲ್ಡರನ್ನು ಬೇಡ. ಮರಳಿ ವಾಟ್ಸ್‌ಆ್ಯಪ್ ಹಾಕಿದ ಮೇಲೆ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ್ದು ಇದ್ದರೆ ಲಾಗ್‌ಔಟ್ ಮಾಡಿ, ‘ಟೂ ಸ್ಟೆಪ್ ವೆರಿಫಿಕೇಶನ್’ನಲ್ಲಿ ಆರು ಅಂಕಿಯ ಪಿನ್ ಇಡಿ. ಫೋನ್ ಆ್ಯಪ್‌ನಲ್ಲಿ ‘ಕಾಲ್ ಫಾರ್ವರ್ಡಿಂಗ್’ ಯಾರದೋ ನಂಬರಿಗೆ ಆನ್ ಆಗಿದೆಯೇ ಎಂದೂ ನೋಡಿ, ಒಟಿಪಿಯನ್ನು ಕರೆ ಮೂಲಕವೂ ಪಡೆಯಬಹುದು.

ಸಂಘದ ಗ್ರೂಪಿಗೆ ಈ ದಿನವೇ ಒಂದು ವಾಯ್ಸ್ ಮೆಸೇಜ್ ಹಾಕಿ, ನಿಮ್ಮ ದನಿಯಲ್ಲೇ. ‘ಆ ಫೈಲ್ ನಾನು ಕಳಿಸಿದ್ದಲ್ಲ, ಯಾರೂ ಒತ್ತಬೇಡಿ, ಒತ್ತಿದ್ದರೆ ಫ್ಲೈಟ್ ಮೋಡ್ ಹಾಕಿ’ ಅಂದರೆ ಸಾಕು. ಬರೆದದ್ದನ್ನು ಈಗ ಯಾರೂ ನಂಬುವುದಿಲ್ಲ. ಅಡ್ಮಿನ್‌ಗೆ ಹೇಳಿ ಫೈಲನ್ನೂ ಅಳಿಸಿಸಿ.

ಪ್ರಶ್ನೆ: ಮುಳ್ಳಯ್ಯನಗಿರಿ ರಸ್ತೆ ಕಡೆ ಹೋಂಸ್ಟೇ ಇದೆ. ಮುಂಗಡ 2,500 ಕಳಿಸುತ್ತೇನೆ ಎಂದವರು ‘ತಪ್ಪಿ 25,000 ಬಂದಿದೆ, 22,500 ವಾಪಸ್ ಹಾಕಿ’ ಎಂದು ಪೀಡಿಸುತ್ತಿದ್ದಾರೆ. ಖಾತೆಗೆ 25,000 ಜಮಾ ಎಂಬ ಮೆಸೇಜೂ ಬಂದಿದೆ. ಹಾಕಲೇ?
ಚಿಕ್ಕಮಗಳೂರು

ಉತ್ತರ: ಹಾಕಬೇಡಿ. ಮೆಸೇಜ್ ಯಾರ ಹೆಸರಿನಲ್ಲಿ ಬಂದಿದೆ ನೋಡಿ. ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ, ಅವರೇ ಟೈಪ್ ಮಾಡಿದ್ದು. ಬ್ಯಾಂಕಿನ ಎಸ್‌ಎಂಎಸ್ ಅಕ್ಷರಗಳ ಹೆಸರಿನಲ್ಲಿ ಬರುತ್ತದೆ, ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ: ವ್ಯವಹಾರಕ್ಕೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ, ಸರ್ಕಾರದ್ದಕ್ಕೆ ಜಿ. ಅದೂ ಅಂತಿಮ ಸಾಕ್ಷಿಯಲ್ಲ. ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ, ಅಲ್ಲಿ ಹಣ ಇಲ್ಲದಿದ್ದರೆ ಎಲ್ಲೂ ಇಲ್ಲ. ಇದ್ದರೂ ನೀವಾಗಿ ವಾಪಸ್ ಹಾಕಬೇಡಿ, ‘ನಿಮ್ಮ ಬ್ಯಾಂಕಿನ ಮೂಲಕ ಕೇಳಿ’ ಎನ್ನಿ.

ಇವರೇ ನಾಳೆ ಕ್ಯೂಆರ್ ಕಳಿಸಿ ‘ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎನ್ನಬಹುದು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ನಿಮ್ಮ ಹಣ ಹೋಗಿಲ್ಲವಾದ್ದರಿಂದ 1930 ಬೇಡ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲಿ, ವಂಚನೆಯ ಕರೆ, ಮೆಸೇಜು ದೂರುವ ‘ಚಕ್ಷು’ ವಿಭಾಗದಲ್ಲಿ ಆ ನಂಬರ್ ಕೊಡಿ.

ಪ್ರಶ್ನೆ: ದಿನಕ್ಕೆ ಹತ್ತು ಸಲ ಲೋನ್ ಬೇಕಾ ಅಂತ ಕರೆ. ನನ್ನನ್ನು ಕೇಳದೆ ಷೇರು ಗ್ರೂಪುಗಳಿಗೂ ಸೇರಿಸುತ್ತಾರೆ. ಜಾಹೀರಾತು ಕರೆ ಬೇಡ ಎನ್ನುವ ಡಿಎನ್‌ಡಿ ಹಾಕಿಸಿದರೆ ನಿಲ್ಲುತ್ತದಾ?
ಕೊಬ್ಬರಿ ವ್ಯಾಪಾರಿ, ಅರಸೀಕೆರೆ

ಉತ್ತರ: ಅರ್ಧ ನಿಲ್ಲುತ್ತದೆ. 1909ಕ್ಕೆ ಕರೆ ಮಾಡಿ, ಇಲ್ಲವೇ ಇಂಗ್ಲಿಷಿನಲ್ಲಿ ‘ಸ್ಟಾರ್ಟ್ 0’ ಎಂದು ಅದೇ ನಂಬರಿಗೆ ಎಸ್‌ಎಂಎಸ್ ಕಳಿಸಿ. ನಿಯಮ ಪಾಲಿಸುವ ಕಂಪನಿಗಳ ಜಾಹೀರಾತು ಕರೆ, ಎಸ್‌ಎಂಎಸ್ ನಿಲ್ಲುತ್ತವೆ. ಒಟಿಪಿ, ಬ್ಯಾಂಕಿನ ಜಮಾ ಖರ್ಚಿನ ಮೆಸೇಜಿಗೆ ತೊಂದರೆಯಿಲ್ಲ. ಜಾಹೀರಾತು ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ ಲೋನ್ ಮಾರುವವರು ನಿಯಮ ಮುರಿದವರೇ. ಅವರ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಟ್ರಾಯ್ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಿ, ಕರೆ ಬಂದ ಏಳು ದಿನದೊಳಗೆ.

ವಾಟ್ಸ್‌ಆ್ಯಪ್‌ಗೆ ಡಿಎನ್‌ಡಿ ತಾಗುವುದಿಲ್ಲ. ಅದಕ್ಕೆ ‘ಪ್ರೈವಸಿ’ಯೊಳಗೆ ‘ಗ್ರೂಪ್ಸ್’ ತೆರೆದು ‘ಎವ್ರಿವನ್’ ಇದ್ದಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಮಾಡಿ; ನಿಮ್ಮ ಫೋನಿನಲ್ಲಿ ಹೆಸರಿಲ್ಲದವರು ಇನ್ನು ನೇರವಾಗಿ ಸೇರಿಸಲಾರರು, ಲಿಂಕ್ ಕಳಿಸಿ ಕೇಳಬೇಕಷ್ಟೆ. ಈಗಾಗಲೇ ಸೇರಿಸಿರುವ ಷೇರು ಗ್ರೂಪಿನಿಂದ ‘ಎಕ್ಸಿಟ್’ ಒಂದೇ ಸಾಲದು, ‘ರಿಪೋರ್ಟ್ ಗ್ರೂಪ್’ ಒತ್ತಿ ಹೊರಬನ್ನಿ. ಅಲ್ಲಿ ಲಾಭದ ಸ್ಕ್ರೀನ್‌ಶಾಟ್ ಹಾಕುವ ‘ಸದಸ್ಯರು’ ಹೆಚ್ಚಿನಂಶ ಅವರ ಕಡೆಯವರೇ. ಮೊದಲು ಸಣ್ಣ ಮೊತ್ತ ವಾಪಸ್ ಕೊಟ್ಟು ನಂಬಿಸುತ್ತಾರೆ. ದೊಡ್ಡ ಮೊತ್ತ ಹಾಕಿದ ಮೇಲೆ, ತೆಗೆಯಬೇಕಾದರೆ ಮೊದಲು ತೆರಿಗೆ ಕಟ್ಟಿ ಎನ್ನುತ್ತಾರೆ.