ಪೆಲಿಕನ್ಸ್ ಡ್ರಾಫ್ಟ್ ರಾತ್ರಿ: ಹುಡುಗನ ಬಗ್ಗೆ ತಕರಾರಿಲ್ಲ, ಕೊಟ್ಟ ಬೆಲೆಯ ಬಗ್ಗೆ ಇದೆ

ನೀವು ಕೇಳಿರೋದು ಎರಡು ಪ್ರಶ್ನೆ. 2025ರ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ ಒಂದೇ ರಾತ್ರಿ 7ಕ್ಕೆ ಜೆರೆಮೈಯಾ ಫಿಯರ್ಸ್, 13ಕ್ಕೆ ಡೆರಿಕ್ ಕ್ವೀನ್ ಸಿಕ್ಕಿರುವಾಗ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ಅಭಿಮಾನಿಗಳು ಯಾಕೆ ತಲೆ ಚಚ್ಚಿಕೊಳ್ತಿದ್ದಾರೆ ಅನ್ನೋದು ಮೊದಲನೆಯದು. ಈ ಸೀಸನ್‌ನಿಂದಷ್ಟೇ ಎನ್‌ಬಿಎ ನೋಡ್ತಿರೋರು ಇಂಥ ಟ್ರೇಡ್‌ಗಳನ್ನು ಹೇಗೆ ಅಳೀಬೇಕು ಅನ್ನೋದು ಎರಡನೆಯದು. ನಾನು ಆಂಥನಿ ಡೇವಿಸ್ ಕಾಲದಿಂದ ಪೆಲಿಕನ್ಸ್ ಕಡೆಯವನು. ಉತ್ತರದಲ್ಲಿ ಖಾರ ಜಾಸ್ತಿ ಆದರೆ ಸಹಿಸಿಕೊಳ್ಳಿ.

ಡ್ರಾಫ್ಟ್ ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸ್ಕೊಳ್ಳೋದು. ಆ ಸರದಿಗೇ ಪಿಕ್ ಅನ್ನೋದು. ಸಾಮಾನ್ಯವಾಗಿ ಹೆಚ್ಚು ಸೋತ ತಂಡಕ್ಕೆ ಮೇಲಿನ ಪಿಕ್ ಸಿಗುತ್ತೆ, ಮುಂದಿನ ವರ್ಷಗಳ ಪಿಕ್‌ಗಳನ್ನೂ ತಂಡಗಳು ಕೊಟ್ಟು ತಗೊಳ್ತವೆ, ಅದೇ ಟ್ರೇಡ್. ಆಗಿದ್ದಿಷ್ಟು. ನಮ್ಮಲ್ಲಿ 2025ರ ಜೂನ್ 26, ಗುರುವಾರ ಬೆಳಿಗ್ಗೆ ಐದೂವರೆಗೆ ಡ್ರಾಫ್ಟ್ ಶುರುವಾಯ್ತು. 7ನೇ ಪಿಕ್ ನಮ್ಮದೇ ಇತ್ತು, ಓಕ್ಲಹೋಮಾ ಯೂನಿವರ್ಸಿಟಿಯ 18ರ ಹುಡುಗ ಫಿಯರ್ಸ್‌ನನ್ನು ತಗೊಂಡರು. ರಿಂಗ್ ಕಡೆ ನುಗ್ಗೋದರಲ್ಲಿ ಎತ್ತಿದ ಕೈ, ದೂರದ ಶಾಟ್ ಇನ್ನೂ ಪಳಗಬೇಕು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಗಲಾಟೆ ಎದ್ದಿದ್ದು 13ರ ಹತ್ತಿರ. ಆ ಪಿಕ್ ಅಟ್ಲಾಂಟಾ ಹಾಕ್ಸ್ ಕೈಯಲ್ಲಿತ್ತು. ಅದಕ್ಕೆ ನಾವು ನಮ್ಮ 23ನೇ ಪಿಕ್ ಕೊಟ್ಟೆವು, ಮೇಲೆ 2026ರ ಫಸ್ಟ್ ರೌಂಡ್ (ಮೊದಲ ಸುತ್ತಿನ) ಪಿಕ್ ಕೊಟ್ಟೆವು. ಆ 2026ರ ಪಿಕ್ ಅನ್‌ಪ್ರೊಟೆಕ್ಟೆಡ್. ಅಂದರೆ ಅದು 20ನೇದಾದರೂ ಅವರದೇ, ಒಂದನೇದಾದರೂ ಅವರದೇ. ಇನ್ನೂ ಒಂದು ಗಂಟಿದೆ: 2020ರಲ್ಲಿ ಜ್ರೂ ಹಾಲಿಡೇಯನ್ನು ಮಿಲ್ವಾಕಿ ಬಕ್ಸ್‌ಗೆ ಕೊಟ್ಟಾಗ ಅವರ 2026ರ ಪಿಕ್ ಜೊತೆ ನಮ್ಮದನ್ನು ಅದಲುಬದಲು ಮಾಡ್ಕೊಳ್ಳೋ ಹಕ್ಕು ನಮಗೆ ಸಿಕ್ಕಿತ್ತು. ಈಗ ನಮ್ಮದು, ಮಿಲ್ವಾಕಿಯದು, ಎರಡರಲ್ಲಿ ಯಾವುದು ಮೇಲೆ ಬರುತ್ತೋ ಅದು ಅಟ್ಲಾಂಟಾಗೆ.

ಕ್ವೀನ್ ಬಗ್ಗೆ ನನಗೆ ಮನಸ್ಸಿದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಬಾಲ್ಟಿಮೋರ್ ಹುಡುಗ, ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ ಒಂದೇ ವರ್ಷ ಆಡಿ ಪಂದ್ಯಕ್ಕೆ ಸರಾಸರಿ 16.5 ಪಾಯಿಂಟ್, 9 ರಿಬೌಂಡ್ ತೆಗೆದವನು. ಮಾರ್ಚ್‌ನಲ್ಲಿ ಕೊಲೊರಾಡೊ ಸ್ಟೇಟ್ ವಿರುದ್ಧ ಒಂದು ಪಾಯಿಂಟ್ ಹಿಂದಿದ್ದಾಗ, ಕೊನೇ ಗಳಿಗೆಯಲ್ಲಿ ಎಡಕ್ಕೆ ಸರಿದು, ವಾಲಿಕೊಂಡೇ ಎಸೆದು, ಬೋರ್ಡ್‌ಗೆ ಬಡಿಸಿ 72-71ಕ್ಕೆ ಗೆಲ್ಲಿಸಿದ ಶಾಟ್ ನೋಡಿಲ್ಲ ಅಂದರೆ ಇವತ್ತೇ ಹುಡುಕಿ ನೋಡಿ. ಆರಡಿ ಹತ್ತಿಂಚಿನ ಹತ್ತಿರದ ಆಳು ಗಾರ್ಡ್ (ಚೆಂಡು ನಡೆಸೋ ಆಟಗಾರ) ಥರ ಡ್ರಿಬಲ್ ಮಾಡ್ತಾನೆ, ಪಾಸ್ ಕಣ್ಣಿದೆ, ಕೈ ಮೃದು. ಆದರೆ ಜಿಗಿತ ಕಡಿಮೆ, ಪಾದ ನಿಧಾನ, ರಿಂಗ್ ಕಾಯೋ ಸೆಂಟರ್ ಅಂತೂ ಅಲ್ಲ. ಡ್ರಾಫ್ಟ್‌ಗೆ ಮುಂಚಿನ ಕಾಂಬೈನ್ ದೈಹಿಕ ಪರೀಕ್ಷೆಗಳಲ್ಲಿ ಇದೆಲ್ಲ ಎದ್ದು ಕಂಡಿತ್ತು. ಪಕ್ಕದಲ್ಲಿ ಆಡೋನು ನಮ್ಮ ಸ್ಟಾರ್ ಜಯಾನ್ ವಿಲಿಯಮ್ಸನ್. ಅವನಿಗೂ ಜಾಗ ಬೇಕಾಗಿರೋದು ಅದೇ ರಿಂಗ್ ಕೆಳಗೆ, ಅವನೂ ದೂರದಿಂದ ಎಸೆಯೋನಲ್ಲ. ಆಗಿನ ಕೋಚ್ ವಿಲ್ಲಿ ಗ್ರೀನ್ ಈ ಇಬ್ಬರನ್ನು ಹೇಗೆ ಕೂಡಿಸ್ತಾರೋ ಅನ್ನೋದೇ ಅವತ್ತಿನ ಪ್ರಶ್ನೆ.

ಇಷ್ಟೆಲ್ಲ ಹೇಳಿದ ಮೇಲೂ, 13ರಲ್ಲಿ ಅವನು ತಪ್ಪು ಆಯ್ಕೆ ಅಂತ ನಾನು ಹೇಳೋದಿಲ್ಲ. ನನ್ನ ಜಗಳ ಬೆಲೆಯದ್ದು. ಡ್ರಾಫ್ಟ್ ರಾತ್ರಿ ಟಿವಿಯವರು ತೋರಿಸೋದು ಬಂದ ಹುಡುಗನ ಹೈಲೈಟ್ಸ್. ಕೊಟ್ಟ ಪಿಕ್‌ಗೆ ಮುಖ ಇಲ್ಲ, ಹೈಲೈಟ್ಸ್ ಇಲ್ಲ, ಹಾಗಾಗಿ ಅದು ಅಗ್ಗ ಅನಿಸಿಬಿಡುತ್ತೆ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ವರ್ಷ ನಮ್ಮ ತಂಡ ಹಾಳಾಗಿ ಆಡಿದರೆ ಈ ಟ್ರೇಡ್ ಏನಾಗುತ್ತೆ?

ನಾವು 2024-25ರಲ್ಲಿ ಗೆದ್ದಿದ್ದು 21, ಸೋತಿದ್ದು 61. ಜಯಾನ್ ಆಡಿದ್ದು 30 ಪಂದ್ಯ. ಡಿಜಾಂಟೆ ಮರ್ರೆ ಜನವರಿ ಕೊನೆಗೆ ಅಕಿಲೀಸ್ (ಹಿಮ್ಮಡಿ ಮೇಲಿನ ಸ್ನಾಯುರಜ್ಜು) ಹರಿದುಕೊಂಡ, ಅವನು ಯಾವಾಗ ಮರಳ್ತಾನೋ, ಯಾವ ಸ್ಥಿತಿಯಲ್ಲಿ ಮರಳ್ತಾನೋ ಅವತ್ತಿಗೆ ಗೊತ್ತಿರಲಿಲ್ಲ. ನಾವಿರೋ ವೆಸ್ಟ್ ಗುಂಪಿನಲ್ಲಿ ಸುಲಭದ ಎದುರಾಳಿ ಹುಡುಕಿದರೂ ಸಿಗಲ್ಲ. ಅತ್ತ ಮಿಲ್ವಾಕಿಯಲ್ಲಿ ಅವರ ಸ್ಟಾರ್ ಗಾರ್ಡ್ ಡೇಮಿಯನ್ ಲಿಲಾರ್ಡ್ ಏಪ್ರಿಲ್‌ನಲ್ಲಿ ಅಕಿಲೀಸ್ ಹರಿದುಕೊಂಡು ಕೂತಿದ್ದ. ಎರಡೂ ತಂಡ ಚೆನ್ನಾಗಿದ್ದರೆ ಮಾತ್ರ ನಾವು ಕೊಟ್ಟ ಪಿಕ್ ಅಗ್ಗದ್ದು, ಒಂದು ಎಡವಿದರೂ ದುಬಾರಿ. ಅದೂ ಎಂಥ ವರ್ಷದ ಪಿಕ್! 2026ಕ್ಕೆ ಎ.ಜೆ. ಡಿಬಾಂಟ್ಸಾ, ಡ್ಯಾರಿನ್ ಪೀಟರ್ಸನ್, ಕ್ಯಾಮರನ್ ಬೂಜರ್ ಬರ್ತಾರೆ ಅಂತ ಲೀಗೇ ಕಾಯ್ತಾ ಇತ್ತು. ಹೂ ಬಿಡೋ ಮುಂಚೆನೇ ತೋಟ ಚೇಣಿಗೆ ಕೊಟ್ಟ ಹಾಗಾಯ್ತು ಇದು, ಪಕ್ಕದ ತೋಟಾನೂ ಸೇರಿಸಿ.

ಇನ್ನೂ ಹೊಟ್ಟೆ ಉರಿಸೋ ವಿಷಯ ಆ 23ನೇ ಪಿಕ್‌ನ ಜಾತಕ. 2025ರ ಫೆಬ್ರವರಿಯಲ್ಲಿ ಬ್ರ್ಯಾಂಡನ್ ಇಂಗ್ರಾಮ್‌ನನ್ನು ಟೊರಾಂಟೊಗೆ ಕೊಟ್ಟಾಗ ಇಂಡಿಯಾನಾದ 2026ರ ಫಸ್ಟ್ ರೌಂಡ್ ಪಿಕ್ ನಮಗೆ ಬಂದಿತ್ತು. ಅದಕ್ಕೆ ಮೊದಲ ನಾಲ್ಕರ ಪ್ರೊಟೆಕ್ಷನ್ ಇತ್ತು, ಅಂದರೆ ಅದು ಮೊದಲ ನಾಲ್ಕರೊಳಗೆ ಬಂದರೆ ಇಂಡಿಯಾನಾದಲ್ಲೇ ಉಳೀತಿತ್ತು. 2025ರ ಜೂನ್‌ನಲ್ಲಿ, ಫೈನಲ್ಸ್ ನಡೀತಿರುವಾಗಲೇ, ನಾವು ಅದನ್ನು ಇಂಡಿಯಾನಾಗೆ ವಾಪಸ್ ಕೊಟ್ಟು ಈ 23 ತಗೊಂಡೆವು. ಆಮೇಲೆ ಜೂನ್ 22ರಂದು ಏಳನೇ ಪಂದ್ಯದಲ್ಲಿ ಇಂಡಿಯಾನಾದ ಸ್ಟಾರ್ ಟೈರೀಸ್ ಹ್ಯಾಲಿಬರ್ಟನ್‌ಗೆ ಅಕಿಲೀಸ್ ಹರೀತು. ಕೆಲವೇ ದಿನ ಸುಮ್ಮನಿದ್ದಿದ್ದರೆ ನಮ್ಮ ಕೈಲಿದ್ದ ಪಿಕ್‌ನ ಬೆಲೆ ತಾನಾಗೇ ಏರ್ತಿತ್ತು. ಗಾಯ ಆಗುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಈ ಟ್ರೇಡ್‌ಗಳನ್ನು ಮಾಡಿದ ತಂಡದ ಮುಖ್ಯಸ್ಥ ಜೋ ಡ್ಯೂಮಾರ್ಸ್ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಆದರೆ ಲೆಕ್ಕ ಜೋಡಿಸಿ ನೋಡಿ: ಕ್ವೀನ್ ಒಬ್ಬನಿಗೆ 2026ರ ಎರಡು ಫಸ್ಟ್ ರೌಂಡ್ ಪಿಕ್ ಹೋಯ್ತು.

ಅಟ್ಲಾಂಟಾ ನಮ್ಮನ್ನು ಬೋಳಿಸಿದ್ದು ಇದೇ ಮೊದಲಲ್ಲ. 2024ರ ಬೇಸಿಗೆಯಲ್ಲಿ ಮರ್ರೆಗೋಸ್ಕರ ಡೈಸನ್ ಡೇನಿಯಲ್ಸ್ ಜೊತೆ ಎರಡು ಫಸ್ಟ್ ರೌಂಡ್ ಪಿಕ್ ಕೊಟ್ಟಿದ್ದೆವು. ಡೇನಿಯಲ್ಸ್ ಅಲ್ಲಿಗೆ ಹೋದ ವರ್ಷವೇ ಸ್ಟೀಲ್ಸ್‌ನಲ್ಲಿ (ಎದುರಾಳಿಯಿಂದ ಚೆಂಡು ಕಸಿಯೋದು) ಲೀಗ್‌ಗೇ ಮೊದಲು, ಮೋಸ್ಟ್ ಇಂಪ್ರೂವ್ಡ್ ಪ್ಲೇಯರ್ ಪ್ರಶಸ್ತಿ ಬೇರೆ. ಈ ಡ್ರಾಫ್ಟ್‌ನಲ್ಲಿ ನಮ್ಮಿಂದ ಹೋದ 23ರಲ್ಲಿ ಅವರು ಜಾರ್ಜಿಯಾ ಯೂನಿವರ್ಸಿಟಿಯ ಏಸಾ ನ್ಯೂವೆಲ್‌ನನ್ನು ತಗೊಂಡರು. ಹತ್ತು ಸ್ಥಾನ ಕೆಳಗಿಳಿದು ಒಬ್ಬ ಎತ್ತರದ ಹುಡುಗ, ಮೇಲೆ 2026ರ ಲಾಟರಿ ಟಿಕೆಟ್.

ಅನ್‌ಪ್ರೊಟೆಕ್ಟೆಡ್ ಅಂದರೆ ಅಭಿಮಾನಿಗಳು ಯಾಕೆ ಬೆಚ್ಚಿಬೀಳ್ತಾರೆ ಅಂತ ಗೊತ್ತಾಗಬೇಕಾದರೆ 2013ರ ಡ್ರಾಫ್ಟ್ ರಾತ್ರಿ ನೋಡಿ. ಬ್ರೂಕ್ಲಿನ್ ನೆಟ್ಸ್ ಅವತ್ತು ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಅನ್ನೋ ಹಿರಿಯ ಸ್ಟಾರ್‌ಗಳಿಗೋಸ್ಕರ ಬಾಸ್ಟನ್‌ಗೆ 2014, 2016, 2018ರ ಪಿಕ್ ಕೊಟ್ಟು, 2017ರದ್ದಕ್ಕೆ ಸ್ವಾಪ್ (ಅದಲುಬದಲು) ಹಕ್ಕನ್ನೂ ಕೊಟ್ಟರು. ಇನ್ನೇನು ಕಪ್ ನಮ್ಮದೇ ಅನ್ನೋ ಧೈರ್ಯ. ಗೆದ್ದಿದ್ದು ಒಂದೇ ಪ್ಲೇಆಫ್ ಸರಣಿ. 2016ರ ಹೊತ್ತಿಗೆ ನೆಟ್ಸ್ 21-61, ನಮ್ಮ 2024-25ರದ್ದೇ ಅಂಕಿ. ಆ ಪಿಕ್‌ನಲ್ಲಿ ಬಾಸ್ಟನ್‌ಗೆ ಜೇಲೆನ್ ಬ್ರೌನ್ ಸಿಕ್ಕ. ಮರುವರ್ಷ ಸ್ವಾಪ್‌ನಿಂದ ಬಂದ ಒಂದನೇ ಪಿಕ್‌ನಿಂದ ಮೂರಕ್ಕಿಳಿದು ಜೇಸನ್ ಟೇಟಮ್‌ನನ್ನು ತಗೊಂಡರು. ಅವರಿಬ್ಬರೇ 2024ರಲ್ಲಿ ಕಪ್ ಎತ್ತಿದ್ದು. ನೆಟ್ಸ್‌ನವರಿಗೆ ಸೋತರೂ ಲಾಭ ಇಲ್ಲದ ವರ್ಷಗಳು. ನನಗಿರೋ ಭಯ ಇದೇ.

ಹಾಗಂತ ಮುಂದಿನ ಪಿಕ್ ಕೊಡೋದೇ ಪಾಪ ಅಂತಲ್ಲ. 1998ರ ಡ್ರಾಫ್ಟ್ ರಾತ್ರಿ ಡಲ್ಲಾಸ್, ಮಿಲ್ವಾಕಿ ಜೊತೆ ಅದಲುಬದಲು ಮಾಡಿ ಡರ್ಕ್ ನೊವಿಟ್ಸ್ಕಿಯನ್ನು ತಗೊಂಡಿತು, ಅದೇ ರಾತ್ರಿ ಫೀನಿಕ್ಸ್‌ನಿಂದ ಸ್ಟೀವ್ ನ್ಯಾಶ್‌ನನ್ನೂ ತಂದಿತು. ನ್ಯಾಶ್‌ಗೆ ಕೊಟ್ಟದ್ದರಲ್ಲಿ 1999ರ ಪಿಕ್ ಇತ್ತು. ಅದು 9ನೇದಾಗಿ, ಫೀನಿಕ್ಸ್‌ಗೆ ಶಾನ್ ಮ್ಯಾರಿಯನ್ ಸಿಕ್ಕ. ಒಳ್ಳೇ ಬೆಲೆಯೇ ಕೊಟ್ಟರು, ಆದರೂ ಡಲ್ಲಾಸ್‌ನಲ್ಲಿ ಯಾರೂ ಗೊಣಗಲ್ಲ, ಯಾಕೆಂದರೆ ಬಂದವನು ನ್ಯಾಶ್. (ತಮಾಷೆ ಅಂದರೆ 2011ರಲ್ಲಿ ಡಲ್ಲಾಸ್ ಕಪ್ ಗೆದ್ದಾಗ ಡರ್ಕ್ ಪಕ್ಕದಲ್ಲಿದ್ದಿದ್ದು ಅದೇ ಮ್ಯಾರಿಯನ್.) ಕ್ವೀನ್ ಸಾಧಾರಣ ಸ್ಟಾರ್ಟರ್ ಆದರೆ ಸಾಲದು, ಆಲ್-ಸ್ಟಾರ್ ಮಟ್ಟಕ್ಕೆ ಹೋಗಬೇಕು. ಆಗ ಮಾತ್ರ ಈ ಲೆಕ್ಕ ಸರಿಹೋಗುತ್ತೆ.

ಮುಂದಿನ ಸಲ ನೀವೇ ಅಳೆಯೋದು ಹೇಗೆ ಅಂದರೆ, ಮೊದಲು ವೇದಿಕೆ ಮೇಲೆ ಹುಡುಗ ಹಾಕ್ಕೊಂಡ ಟೋಪಿ ನಂಬಬೇಡಿ. ಟ್ರೇಡ್ ಮಾತಾಗಿದ್ದರೂ ಪಿಕ್ ಯಾರ ಹೆಸರಲ್ಲಿದೆಯೋ ಅವರ ಟೋಪಿ ಕೊಡ್ತಾರೆ. 2018ರಲ್ಲಿ ಲೂಕಾ ಡಾನ್ಚಿಚ್ ಹಾಕ್ಸ್ ಟೋಪಿಯಲ್ಲೇ ಫೋಟೋ ತೆಗೆಸಿಕೊಂಡು ಡಲ್ಲಾಸ್‌ಗೆ ಹೋದವನು. ಎರಡನೇದು, ಮೊದಲ ಸುದ್ದಿಯಲ್ಲಿ ಬರೀ ಫ್ಯೂಚರ್ ಫಸ್ಟ್ (ಮುಂದಿನ ಯಾವುದೋ ವರ್ಷದ ಫಸ್ಟ್ ರೌಂಡ್ ಪಿಕ್) ಅಂತ ಬಂದರೆ ಅಭಿಪ್ರಾಯ ತಡೆದಿಟ್ಟುಕೊಳ್ಳಿ. ಯಾವ ವರ್ಷದ್ದು, ಯಾವ ತಂಡದ್ದು, ಪ್ರೊಟೆಕ್ಷನ್ ಎಷ್ಟು, ಸ್ವಾಪ್ ಇದೆಯಾ ಅನ್ನೋದು ಸ್ವಲ್ಪ ಹೊತ್ತಿನ ಮೇಲೆ ಬರುತ್ತೆ, ಇಡೀ ಬೆಲೆ ಅಡಗಿರೋದು ಅಲ್ಲೇ. ಆಮೇಲೆ ಕೊಟ್ಟ ಪಿಕ್‌ನ ವರ್ಷದಲ್ಲಿ ನಿಮ್ಮ ತಂಡ ಎಲ್ಲಿರುತ್ತೆ ಅಂತ ಊಹಿಸಿ, ಅಭಿಮಾನಿಯಾಗಿ ಅಲ್ಲ, ಪಕ್ಕದ ಮನೆಯವನಾಗಿ. ಸಂಬಳದ ಲೆಕ್ಕ ಡ್ರಾಫ್ಟ್ ರಾತ್ರಿ ಅಷ್ಟು ಮುಖ್ಯ ಅಲ್ಲ. ಫಸ್ಟ್ ರೌಂಡ್ ರೂಕಿಯ (ಹೊಸ ಆಟಗಾರನ) ಸಂಬಳ ಪಿಕ್ ನಂಬರ್ ಮೇಲೆ ಹೆಚ್ಚುಕಮ್ಮಿ ನಿಗದಿ ಆಗಿರುತ್ತೆ, ಮೊದಲೆರಡು ವರ್ಷ ಖಾತ್ರಿ, ಮೂರು ನಾಲ್ಕನೇ ವರ್ಷ ತಂಡದ ಇಷ್ಟ.

ನಮ್ಮ ಗಾರ್ಡ್ ಆಗಿದ್ದ ಸಿ.ಜೆ. ಮೆಕಾಲಮ್ ಟ್ರೇಡ್ ಬಗ್ಗೆಯೂ ಒಂದು ಮಾತು. ಅವನನ್ನೂ ಓಲಿನಿಕ್‌ನನ್ನೂ ವಾಷಿಂಗ್ಟನ್‌ಗೆ ಕೊಟ್ಟು ಜೋರ್ಡನ್ ಪೂಲ್, ಸದೀಕ್ ಬೇ, 40ನೇ ಪಿಕ್ ತಂದಿದ್ದಾರೆ. ನನಗೆ ಅದು ಅಂಥಾ ತಪ್ಪಾಗಿ ಕಾಣಲ್ಲ. ಬೇ ಮೊಣಕಾಲಿನ ಎಸಿಎಲ್ ಗಾಯದಿಂದ ಇಡೀ 2024-25 ಸೀಸನ್ ಕೂತಿದ್ದವನು, ಫಿಟ್ ಆಗಿ ಬಂದರೆ ಉಪಯೋಗಕ್ಕೆ ಬರ್ತಾನೆ ಅನ್ನೋ ಲೆಕ್ಕ. ಪೂಲ್ ಒಂದು ದಿನ ಗೆಲ್ಲಿಸ್ತಾನೆ, ಮರುದಿನ ಬಿಪಿ ಏರಿಸ್ತಾನೆ.

ಡ್ರಾಫ್ಟ್ ಆದ ಮೇಲೆ 2025ರ ಜುಲೈ 10ರಿಂದ ಲಾಸ್ ವೇಗಸ್‌ನಲ್ಲಿ ಸಮ್ಮರ್ ಲೀಗ್ (ಹೊಸ ಹುಡುಗರು ಆಡೋ ಬೇಸಿಗೆ ಟೂರ್ನಿ) ಇತ್ತು. ಕ್ವೀನ್ ಆಡೋ ಪಂದ್ಯದಲ್ಲಿ ಅವನ ಪಾಯಿಂಟ್ ಎಣಿಸಬೇಡಿ. ಎದುರಾಳಿ ಗಾರ್ಡ್ ಪಿಕ್-ಅಂಡ್-ರೋಲ್‌ನಲ್ಲಿ (ಜೊತೆಯವನನ್ನು ಅಡ್ಡ ನಿಲ್ಲಿಸಿ ನುಗ್ಗೋ ಆಟ) ಅವನ ಮೇಲೆ ಬಂದಾಗ ಹಿಂದೆ ಜಾರಿ ನಿಲ್ತಾನಾ, ಇಲ್ಲ ದಾರಿ ಬಿಟ್ಟುಕೊಡ್ತಾನಾ ಅದನ್ನು ನೋಡಿ. ಫಿಯರ್ಸ್ ಜೊತೆ ಅವನ ಹೊಂದಾಣಿಕೆಯೂ ಅಲ್ಲೇ ಗೊತ್ತಾಗುತ್ತೆ. 2025-26ರ ಪಾಯಿಂಟ್ಸ್ ಟೇಬಲ್ ತೆಗೆದಾಗ ವೆಸ್ಟ್ ಜೊತೆ ಮಿಲ್ವಾಕಿ ಇರೋ ಈಸ್ಟ್ ಕೂಡ ನೋಡಿ. ಆ ಸೀಸನ್‌ನಲ್ಲಿ ನಾವು ಮಿಲ್ವಾಕಿಗೂ ಚಪ್ಪಾಳೆ ತಟ್ಟಬೇಕು.